ಗುರುತಿಲ್ಲದ ತೊಲೆ

ಪ್ರೀತಿಯ ಅಪ್ಪಾ,

ಮರದ ಚರ್ಚಿನ ಉತ್ತರದ ಗೋಡೆಯ ಹೊದಿಕೆಯನ್ನು ನಿನ್ನೆ ಬಿಚ್ಚಿದೆವು. ಐನೂರು ವರ್ಷದ ತೊಲೆಗಳು ಬಡಿದರೆ ಇನ್ನೂ ಠಣ್ ಎನ್ನುತ್ತವೆ. ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲ. ಮೂಲೆಯಲ್ಲಿ ಒಂದನ್ನೊಂದು ಕಚ್ಚಿಕೊಂಡು ಕೂತಿವೆ, ಸಂದಿನಲ್ಲಿ ನನ್ನ ಉಗುರೂ ತೂರಲಿಲ್ಲ. ಪ್ರತಿಯೊಂದರ ತುದಿಯಲ್ಲೂ ಅಂದಿನ ಮೇಸ್ತ್ರಿ ಕೊಡಲಿಯಿಂದ ಗೀಟು ಹಾಕಿ ಗುರುತು ಮಾಡಿದ್ದಾನೆ. ನಾಲ್ಕನೆಯದರಲ್ಲಿ ಜೋಡಣೆಯ ಕಚ್ಚನ್ನು ತಪ್ಪು ಜಾಗದಲ್ಲಿ ಕೊರೆದು, ಅದಕ್ಕೆ ಮರದ ತುಂಡು ತುಂಬಿ, ಪಕ್ಕದಲ್ಲೇ ಮತ್ತೆ ಕೊರೆದಿದ್ದಾನೆ. ಅದಕ್ಕೂ ಗುರುತು ಹಾಕಿದ್ದಾನೆ, ಅಪ್ಪಾ.

ಪಾದ್ರಿ ಸೆವೆರಿನ್ ಬಂದು, "ಕೆಳಗಿನ ತೊಲೆ ನಿಮ್ಮಪ್ಪ ಬದಲಾಯಿಸಿದ್ದಲ್ವೇನಮ್ಮ? ಅದರ ಕೆಳಗೆ ಸಿಮೆಂಟ್ ಸುರಿದು, ಇನ್ನು ಸಾವಿರ ವರ್ಷ ಚಿಂತೆಯಿಲ್ಲ ಅಂದಿದ್ರು!" ಎಂದು ನಕ್ಕರು.

"ಇನ್ನೂ ಅಲ್ಲೀತನಕ ಬಿಚ್ಚಿಲ್ಲ, ಗುರುಗಳೇ" ಎಂದೆ.

ಬಿಚ್ಚಿದ್ದೆವು. ಹಳಬರು ಬರಿಗಲ್ಲಿನ ಮೇಲೆ ಕೂರಿಸಿದ್ದ ಕಡೆ ಗಾಳಿಯಾಡುತ್ತಿದೆ. ಸಿಮೆಂಟು ನೀರು ಹಿಡಿದಿಟ್ಟುಕೊಂಡಿದೆ. ನಿನ್ನ ತೊಲೆಯ ಅಡಿ ಬೆರಳಿಗೇ ಪುಡಿಯಾಯಿತು. ಹೆಚ್ಚು ಬರೆಯುವುದಿಲ್ಲ.

ಸೋಮವಾರ ಕ್ರಾಕೂಫ್‌ನಿಂದ ಬೆಳಗಿನ ಬಸ್ಸಿಗೆ ಬಾ. ನಿನ್ನ ಸಣ್ಣ ಕೊಡಲಿ ತಾ, ನನ್ನದು ಅಷ್ಟು ಹರಿತವಿಲ್ಲ. ಹೊಗೆಯಾಡಿಸಿದ ಕುರಿಹಾಲಿನ ಚೀಸ್ ಎತ್ತಿಟ್ಟಿದ್ದೇನೆ. ಮಂಡಿ ನೋಯುತ್ತಿದ್ದರೆ ಕೂತು ಬೈಯುತ್ತಿರು, ಕೆಲಸ ನಾನು ಮಾಡುತ್ತೇನೆ.

ಹೊಸ ತೊಲೆ ಸಿದ್ಧವಿದೆ. ನಿನ್ನ ಹಳೆಯದರ ತುದಿಯನ್ನು ಎಷ್ಟು ತಡಕಿದರೂ ಗುರುತು ಸಿಗಲಿಲ್ಲ. ಆ ಹಳಬರ ಸಾಲಿನಲ್ಲಿ ಗುರುತು ಹಾಕಲು ನಾನ್ಯಾರು ಅಂದುಕೊಂಡೆಯಾ? ಈ ಸಲ ನಿನ್ನ ಕೈಯಿಂದ ಗೀಟು ಬೀಳುವವರೆಗೆ ಹೊಸದನ್ನು ಗೋಡೆಗೆ ಸೇರಿಸುವುದಿಲ್ಲ.

ನಿನ್ನ ಮಗಳು, ನಿನ್ನ ಶಿಷ್ಯೆ,
ಲುದ್ವಿಕಾ