ಅತ್ತೆಮ್ಮ ಸುಟ್ಟ ಮಣ್ಣು

ಬಲಸಮುದ್ರ, ೧೯೬೬

ಅತ್ತೆಮ್ಮ,

ನೀವು ತೀರಿಹೋಗಿ ಎರಡು ವರ್ಷವಾಯ್ತು. ಆದ್ರೂ ಇದನ್ನ ನಿಮಗೇ ಹೇಳಬೇಕು.

ನಿನ್ನೆ ನೀರು ಪರೀಕ್ಷೆ ಮಾಡೋರು ಊರಿಗೆ ಬಂದಿದ್ರು. ನಮ್ಮ ಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಮಕ್ಕಳ ಹಲ್ಲು ಕಂದಾಗೋದು ಅದರಿಂದಲೇ ಅಂದ್ರು. ಬೂದಿ ಕಲಸಿ ಸುಟ್ಟ ಮಣ್ಣಿನ ಚೂರು ನೀರಿಗೆ ಹಾಕಿಟ್ರೆ ಅದು ಕಡಿಮೆಯಾಗುತ್ತಂತೆ.

“ನಮ್ಮತ್ತೆ ಹಂಗೇ ಮಾಡ್ತಿದ್ರು,” ಅಂದೆ.

“ಮತ್ತೆ ಯಾಕೆ ಬಿಟ್ರಿ?” ಅಂತ ಕೇಳಿದ್ರು.

ನೀವು ಮಡಕೆ ಸುಡೋ ಆವಿಗೆಯಲ್ಲಿ ಸುಟ್ಟು ಹಂಡೆಗೆ ಹಾಕಿದ್ದ ಚೂರನ್ನ, ಮದುವೆಯಾಗಿ ಬಂದ ಹೊಸದ್ರಲ್ಲಿ ಮಣ್ಣು ವಾಸನೆ ಅಂತ ತಿಪ್ಪೆಗೆ ಸುರಿದವಳು ನಾನೇ. “ಬುಡು ಕಣಮ್ಮ, ನಿಂಗೆ ಬ್ಯಾಡಾಂದ್ರೆ ಬ್ಯಾಡ,” ಅಂದಿದ್ರಿ.

ಇವತ್ತು ನಾನೇ ಮಣ್ಣಿಗೆ ಬೂದಿ ಕಲಸಿದೆ. ನಿಮ್ಮ ಮೊಮ್ಮಗಳು ಸಾಕಮ್ಮನಿಗೆ ಈಗ ಒಂಬತ್ತು ವರ್ಷ. ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ತಾಳೆ.