ರೆಪ್ಪೆಯ ಅಳತೆ

ಬೈಯಪ್ಪನಹಳ್ಳಿ, ಬೆಂಗಳೂರು
೧೧ ಆಗಸ್ಟ್ ೨೦೦೪

ಪ್ರೀತಿಯ ಮೈದುನ ಶಿವಪುತ್ರನಿಗೆ,

ಹೇಗಿದ್ದೀಯ? ಪುಣೆಯ ಮಳೆಗೆ ಶೆಡ್ಡು ಸೋರುತ್ತಿಲ್ಲ ತಾನೆ? ಮಳೆಗಾಲದಲ್ಲಿ ನಿನಗೆ ಎದೆ ಕಟ್ಟುತ್ತದೆ, ಬಿಸಿನೀರು ಕುಡಿ. ಕಟ್ಟಡ ಕೆಲಸದವರ ಮುಷ್ಕರದಲ್ಲಿ ನಿಮ್ಮಣ್ಣ ಸಂಘದ ಬಾವುಟ ಹಿಡಿದ, ನೀನು ಮೇಸ್ತ್ರಿ ಮುನಿಆಂಜನಪ್ಪನ ಹಿಂದೆ ಅವನ ಪುಣೆಯ ಸೈಟಿಗೆ ಹೋದೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅದನ್ನೆಲ್ಲ ಬರೆಯಲು ನನಗೀಗ ತ್ರಾಣವಿಲ್ಲ.

ಮುಷ್ಕರ ಮುರಿದ ಮೇಲೆ ಹೊಟ್ಟೆಪಾಡಿಗೆ ನಿಮ್ಮಣ್ಣನೂ ಅದೇ ಮೇಸ್ತ್ರಿಯ ಕಲ್ಯಾಣ ನಗರದ ಕಟ್ಟಡಕ್ಕೆ ಹೋಗಿದ್ದ. ಸುಣ್ಣ ಅರಳಿಸುವಾಗ ಡ್ರಮ್ಮು ಉಕ್ಕಿ ಮುಖಕ್ಕೆ ಸಿಡಿಯಿತು. ಕಣ್ಣಿಗೆ ಕನ್ನಡಕ ಕೊಟ್ಟಿರಲಿಲ್ಲ. ಬಲಗಣ್ಣಿನ ರೆಪ್ಪೆ ಸುಟ್ಟು ಮಡಚಿಕೊಂಡಿದೆ. ಕಣ್ಣೀರು ಮೂಗಿನೊಳಕ್ಕೆ ಇಳಿಯುವ ಸಣ್ಣ ಕೊಳವೆಯ ಬಾಯಿ ಮುಚ್ಚಿಹೋಗಿ, ನೀರೆಲ್ಲ ಕೆನ್ನೆಯ ಮೇಲೆಯೇ. ವಠಾರದ ಯಶೋದಮ್ಮ, ‘ಅಳ್ಬೇಡ ಬಸು, ಗಂಡಸಲ್ವಾ’ ಅನ್ನುತ್ತಾಳೆ. ‘ಅಳ್ಲಿಕತ್ತಿಲ್ಲ ಯವ್ವಾ, ಸೋರ್ಲಿಕತ್ತದ’ ಅನ್ನುತ್ತಾನೆ ನಿಮ್ಮಣ್ಣ.

ಕಂಟೋನ್ಮೆಂಟ್ ಕಡೆಯ ದೊಡ್ಡಾಸ್ಪತ್ರೆಯಲ್ಲಿ ರೆಪ್ಪೆ, ಕೊಳವೆ ಎರಡನ್ನೂ ಒಟ್ಟಿಗೆ ಸರಿಮಾಡುತ್ತಾರಂತೆ. ಎಳೇ ಡಾಕ್ಟರೊಬ್ಬ ಸ್ಕೇಲು ಹಿಡಿದು ಅಳೆದು, ‘ಎಡಗಡೇನೂ ಇಳಿದಿದೆ, ಸುಣ್ಣ ಅಲ್ಲಿಗೂ ಬಿದ್ದಿರುತ್ತೆ. ಎರಡನ್ನೂ ಎತ್ತಿ ನಾರ್ಮಲ್ ಮಾಡ್ಬಿಡೋಣ’ ಎಂದ. ನನಗೆ ರೇಗಿತು. ಯಾರ ನಾರ್ಮಲ್ಲು? ನಿಮ್ಮ ಮನೆಯವರ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದದ್ದು. ಅದಕ್ಕೇ ಅಲ್ಲವೇ ಮೇಸ್ತ್ರಿ ನಿಮ್ಮಿಬ್ಬರನ್ನೂ ‘ಏ ನಿದ್ದೆಗಣ್ಣ’ ಎಂದು ಕೂಗಿ, ಎಚ್ಚರವಿದ್ದರೂ ಕೂಲಿ ಮುರಿಯುತ್ತಿದ್ದದ್ದು? ಮೇಸ್ತ್ರಿಯ ಕಣ್ಣಿಗೆ ಅದು ಸೋಮಾರಿತನ, ಈ ಡಾಕ್ಟರನ ಕಣ್ಣಿಗೆ ರೋಗ. ‘ಸಾರ್, ಅದು ಕಾಯಿಲೆ ಅಲ್ಲ, ನನ್ನ ಗಂಡನ ಮುಖ’ ಎಂದು ವಾರ್ಡಿನಲ್ಲೇ ಕೂಗಿದೆ.

ಗಲಾಟೆ ಕೇಳಿ ದೊಡ್ಡ ಡಾಕ್ಟರಮ್ಮ ಬಂದರು. ಮೊದಲು ನನ್ನನ್ನು ಬೈದರು, ಆಮೇಲೆ ಕೂರಿಸಿ ಹೇಳಿದರು: ‘ನೋಡಮ್ಮಾ, ರೆಪ್ಪೆ, ಮೂಗಿನ ಮೂಳೆ, ಕಣ್ಣೀರಿನ ದಾರಿ ಎಲ್ರಿಗೂ ಒಂದೇ ಥರ ಇರಲ್ಲ. ನೀನ್ ಹೇಳೋದು ನಿಜ ಆಗಿದ್ರೆ ಎಡಗಣ್ಣು ಮುಟ್ಟಬಾರ್ದು, ಅದೇ ಎತ್ತರಕ್ಕೆ ಬಲಗಣ್ಣು ಕಟ್ಬೇಕು. ಜಾಸ್ತಿ ಎತ್ತಿದ್ರೆ ನಿದ್ದೇಲೂ ಮುಚ್ಚಲ್ಲ, ಒಣಗಿ ದೃಷ್ಟೀನೇ ಹೋಗ್ಬಹುದು. ಮುಂಚಿನ ಫೋಟೋ ತಗೊಂಬಾ.’

ಎಲ್ಲಿಂದ ತರಲಿ? ಮದುವೆಯ ಫೋಟೋದಲ್ಲಿ ಬಾಸಿಂಗವೇ ಕಣ್ಣು ಮುಚ್ಚಿದೆ. ಮೇಸ್ತ್ರಿ ಇಟ್ಟುಕೊಂಡಿರುವ ಸೈಟಿನ ಪಾಸಿನಲ್ಲಿ ಒಂದಿತ್ತು. ಕೇಳಲು ಹೋದರೆ ಮುನಿಆಂಜನಪ್ಪ, ‘ಯಾವ ಬಸು? ನಮ್ ಸೈಟಲ್ಲಿ ಅಂಥೋನು ಕೆಲ್ಸಾನೇ ಮಾಡಿಲ್ಲ ಕಣಮ್ಮಾ’ ಎಂದ. ಪಾಸು ಕೊಟ್ಟರೆ ಪರಿಹಾರ ಕೊಡಬೇಕಾಗುತ್ತದಲ್ಲ! ನಿಮ್ಮಣ್ಣನೋ, ‘ಹ್ಯಾಂಗರ ಹೊಲೀಲಿ ಬಿಡು, ಸಾಕಾಗ್ಯದ’ ಎಂದು ಗೋಡೆ ಕಡೆ ತಿರುಗುತ್ತಾನೆ. ನನಗೂ ಸಾಕಾಗಿದೆ, ಶಿವಪುತ್ರ. ಕೂಗಿ ಕೂಗಿ ಗಂಟಲು ಒಣಗಿದೆ.

ಗೋಡೆಗೆ ಕಟ್ಟಿದ ಸಾರುವೆ ಹತ್ತುವಾಗ ಹುಷಾರು, ಸೊಂಟಕ್ಕೆ ಹಗ್ಗ ಕೇಳಿ ಕಟ್ಟಿಕೋ. ಕೊಡದಿದ್ದರೆ ಹತ್ತಬೇಡ.

ನಿನ್ನ ಅತ್ತಿಗೆ,
ಲಕ್ಷ್ಮಿದೇವಿ

ಮರೆಯುವ ಮುನ್ನ: ಆಪರೇಷನ್ ಇಪ್ಪತ್ಮೂರಕ್ಕೆ, ಸೋಮವಾರ. ಒಡಹುಟ್ಟಿದವರಿದ್ದರೆ ಕರೆಸು, ಅವರ ಕಣ್ಣು ನೋಡಿ ನಿರ್ಧರಿಸುತ್ತೇನೆ ಎಂದಿದ್ದಾರೆ ಡಾಕ್ಟರಮ್ಮ. ಅತ್ತೆ ಮಾವ ತೀರಿಹೋದ ಮೇಲೆ ಆ ಕಣ್ಣು ಉಳಿದಿರುವುದು ನಿನ್ನ ಮುಖದಲ್ಲಿ ಮಾತ್ರ. ರಾಜಿಯಾಗು ಎನ್ನುತ್ತಿಲ್ಲ, ಅಣ್ಣನ ಜೊತೆ ಮಾತಾಡದಿದ್ದರೂ ಸರಿ, ಬಂದು ಅವರ ಮುಂದೆ ಕೂತುಕೋ. ಬಂದರೆ ಅಣ್ಣನ ಪರ ನಿಂತೆಯೆಂದು ಮೇಸ್ತ್ರಿ ನಿನ್ನನ್ನು ಕೆಲಸದಿಂದ ತೆಗೆಯುತ್ತಾನೆ. ಗೊತ್ತಿದ್ದೇ ಕೇಳುತ್ತಿದ್ದೇನೆ. ಬಾ.