ಮೇಸ್ತ್ರಿ ಮಲಗುತ್ತಿದ್ದ ನೂಲಿನ ಬುಟ್ಟಿ

ಸೋಮವಾರ, ಸಂಜೆ

ನನ್ನ ಪುಟ್ಟಿಗೆ,

ನೀನೂ ಅಳಿಯಂದಿರೂ ಮಗುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಎರಡು ಕಾಗದ ಬರೆದರೂ ಅಮ್ಮ ಉತ್ತರಿಸಲಿಲ್ಲವೆಂದು ಮುನಿಸಿಕೊಳ್ಳಬೇಡ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಹೆದರಬೇಡ, ಎಲ್ಲ ಬರೆಯುತ್ತೇನೆ.

ಮೊದಲು ಬರೀ ಗಂಟಲು ನೋವು. ಪಕ್ಕದಂಗಡಿಯ ಕ್ಷೌರದವರು, "ಏನ್ ಟೈಲರಣ್ಣ, ಗುಂಡಿ ನುಂಗಿಬಿಟ್ರಾ?" ಎಂದು ನಗಾಡಿದರು. ಇವರೂ ನಕ್ಕರು. ಆಮೇಲೆ ಕತ್ತು ಊದಿಕೊಂಡಿತು, ಉಸಿರೆಳೆದರೆ ಸಿಳ್ಳೆ ಹಾಕಿದ ಹಾಗೆ ಸದ್ದು. ನಗಾಡಿದವರೇ ಅಂಗಡಿ ಬಾಗಿಲೆಳೆದು ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಗಂಟಲ ತುಂಬ ಬೂದು ಬಣ್ಣದ ಪೊರೆ, ಕೋಟಿನ ಒಳಮೈಗೆ ಅಸ್ತರು ಬಟ್ಟೆ ಹೊಲಿದಂತೆ. ಗಂಟಲಮಾರಿಯ ಜಾತಿಯದೇ ಸೋಂಕಂತೆ, ಆದರೆ ಪ್ರಾಣಿಗಳಿಂದ ಬರುವಂಥದ್ದು. "ಮನೇಲಿ ಏನಾದ್ರೂ ಸಾಕಿದ್ದೀರಾ?" ಎಂದರು.

ಎಲ್ಲರ ಕೆಲಸ ನೋಡುತ್ತ ಕೂರುತ್ತದೆಂದು ನೀನೇ ಮೇಸ್ತ್ರಿ ಎಂದು ಹೆಸರಿಟ್ಟ ಬೆಕ್ಕು, ಪುಟ್ಟಿ! ಅದಕ್ಕೆ ಮೂಗು ಸೋರುತ್ತಿತ್ತು. ಮಲಗುವುದು ನೂಲಿನ ಬುಟ್ಟಿಯಲ್ಲೇ. ಆ ನೂಲನ್ನೇ ನಿನ್ನಪ್ಪ ಹಲ್ಲಲ್ಲಿ ಕಡಿಯುವುದು. ಬೇಡವೆಂದರೆ, "ಹಲ್ಲಿರೋವಾಗ ಕತ್ತರಿ ಯಾಕೇ?" ಎನ್ನುತ್ತಿದ್ದರು. ಮೇಸ್ತ್ರಿಯನ್ನು ಪಶುವೈದ್ಯರು ಒಯ್ದಿದ್ದಾರೆ. ಪಾಪ, ಅದರ ಮೇಲೆ ಸಿಟ್ಟೂ ಬರುವುದಿಲ್ಲ.

ಔಷಧಿ ಕೊಡುತ್ತಿದ್ದಾರೆ. ಪೊರೆ ಕಳಚಿ ಉಸಿರಿಗೆ ಅಡ್ಡ ಬಂದೀತೆಂದು ಹತ್ತಿರವೇ ಕಾಯುತ್ತಿದ್ದಾರೆ. ಅಪ್ಪನಿಗೆ ಮಾತು ಹೊರಡದು. ತಮ್ಮ ತೋಳು ತಟ್ಟಿ ತಟ್ಟಿ ತೋರಿಸಿದರು. ನೋವೇನೋ ಎಂದು ನಾನು ಗಾಬರಿಯಾದೆ. ನೋಡಿದರೆ, ಯಾರದೋ ಕೋಟಿನ ತೋಳು ಬಾಕಿಯಿದೆಯಂತೆ!

ಜೊತೆಯಲ್ಲಿರುವವರ ಗಂಟಲನ್ನೂ ಪರೀಕ್ಷಿಸಬೇಕೆಂದು ನರ್ಸ್ ಕರೆದರು. "ನಂಗೇನಾಗಿದೆ, ನಾಳೆ ನೋಡಿದ್ರಾಯ್ತು ಬಿಡಮ್ಮ" ಎಂದು ಮನೆಗೆ ಬಂದೆ. ನೀನು ಮಾತ್ರ ಬರಬೇಡ. ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸು ಮಗುವಿನದು. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ. ನಿಮ್ಮ ಮನೆ ಬಾಗಿಲಿಗೆ ಯಾವ ಕಾಯಿಲೆಯೂ ಬಾರದಿರಲಿ, ಕಂದ.

ನಿನ್ನ ಅಮ್ಮ

ಮಂಗಳವಾರ ಬೆಳಿಗ್ಗೆ ಸೇರಿಸಿದ್ದು: ಅಪ್ಪನ ಕಣ್ಣು ಮಂಜಾದ ಮೇಲೆ ಸೂಜಿಗೆ ನೂಲು ಪೋಣಿಸುವವಳು ನಾನೇ. ತುದಿಯನ್ನು ಬಾಯಲ್ಲಿ ನೆನೆಸದೆ ನನಗೆ ಪೋಣಿಸಿ ಗೊತ್ತಿಲ್ಲ. ಇವತ್ತು ಎದ್ದಾಗ ನೀರು ಇಳಿಯಲಿಲ್ಲ. ಕನ್ನಡಿ ಮುಂದೆ ಟಾರ್ಚ್ ಹಿಡಿದೆ. ಅದೇ ಅಸ್ತರು. ಆಸ್ಪತ್ರೆಗೆ ಹೊರಟಿದ್ದೇನೆ. ಇದನ್ನು ಕ್ಷೌರದವರು ನಿಮ್ಮೂರ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಾರೆ. ಬರಬೇಡ ಎಂದೆನಲ್ಲ, ಆ ಸಾಲನ್ನು ಹೊಡೆದುಹಾಕು. ಮಗುವನ್ನು ಅಲ್ಲೇ ಬಿಟ್ಟು ನೀನೊಬ್ಬಳೇ ಬಾ ಪುಟ್ಟಿ, ಬೇಗ ಬಾ.